ಮೂಸದ ಮಲ್ಲಿಗೆ

೧೨ ಫೆಬ್ರವರಿ ೨೦೨೫, ಬುಧವಾರ

ಆ ಡಾಕ್ಟರ್ ಅನಂತೇಶರ ಮುಖ ನೆನೆದರೆ ಇನ್ನೂ ಮೈ ಉರಿಯುತ್ತದೆ. ಇಂದು ನಮ್ಮ ಶಂಕರಪುರದ ಶಾಲೆಯಲ್ಲಿ ಮಕ್ಕಳ ಮೂಗು ಸರಿ ಇದೆಯೇ ಎಂದು ನೋಡಲು ಅವರದೇ ವಾಸನೆ ಪರೀಕ್ಷೆ. ವಿದೇಶದ ಪರೀಕ್ಷಾ ಬಾಟಲಿಗಳ ವಾಸನೆ ಈ ಮಕ್ಕಳಿಗೆ ಗುರುತು ಸಿಗುವುದಿಲ್ಲವೆಂದು ಊರಿನ ಮಲ್ಲಿಗೆಯನ್ನೇ ತಂದಿದ್ದರು. ಮಹಾ ಬುದ್ಧಿವಂತರು!

ಎರಡನೇ ಕ್ಲಾಸಿನ ಅನ್ವಿತಾಳ ಕಣ್ಣಿಗೆ ಬಟ್ಟೆ ಕಟ್ಟಿ ಹೂ ಹಿಡಿದರು. ಅದು ಹತ್ತಿರ ಬರುವ ಮೊದಲೇ ಹುಡುಗಿ ಉಸಿರು ಬಿಗಿಹಿಡಿದು ಮುಖ ತಿರುಗಿಸಿದಳು.

"ಎಂತ ವಾಸನೆ, ಹೇಳು."

ಮೂರು ಸಲ ಹೂ ಹಿಡಿದರೂ ಅವಳು ಮುಖ ತಿರುಗಿಸಿದ್ದೇ.

"ಇವಳಿಗೆ ಮೂಗೇ ಇಲ್ಲ ಟೀಚರೇ, ಸೊನ್ನೆ ಹಾಕಿ. ಸ್ಕ್ಯಾನ್ ಮಾಡಿಸ್ಲಿ."

ಬಟ್ಟೆ ಬಿಚ್ಚುವಾಗ ಅವಳು ನನ್ನ ಕಿವಿಯಲ್ಲಿ ಹೇಳಿದಳು, "ಮಲ್ಲಿಗೆ ದೇವರಿಗೆ ಅಲ್ವಾ ಟೀಚರ್? ಮೂಸಿದ್ರೆ ಅಮ್ಮ ಬೈತಾರೆ."

ಈ ಮನುಷ್ಯ ಕಾರ್ಕಳದವರೇ. ಅವರ ಮನೆಯಲ್ಲೇನು ಮೂಸಿದ ಹೂವನ್ನೇ ದೇವರಿಗೆ ಏರಿಸುತ್ತಾರೋ? ಅಷ್ಟು ಓದಿ ಕಲಿತದ್ದು ಇದನ್ನೇ?

ನಾನೂ ಅವಳ ಹಾಗೆ ಹೂ ಕಟ್ಟುವ ಮನೆಯವಳು. ಹುಡುಗಿ ಮುಖ ತಿರುಗಿಸಿದಾಗಲೇ ನನಗೆ ಅರ್ಥವಾಗಿತ್ತು. ಆದರೂ "ಆಯ್ತು ಡಾಕ್ಟ್ರೇ" ಎಂದು ಪರೀಕ್ಷೆಯ ಚೀಟಿಯಲ್ಲಿ ಸೊನ್ನೆ ಬರೆದದ್ದು ನನ್ನದೇ ಕೈ. ಆ ಚೀಟಿ ಅವಳ ಚೀಲದಲ್ಲಿ ಮನೆಗೆ ಹೋಗಿದೆ. ಅಮ್ಮ ಅದನ್ನು ಓದಿರುತ್ತಾಳೆ.

ಡಾಕ್ಟರಾದರೋ ದಡ್ಡರು. ನಾನು...