ಡೋಣಿಯಲ್ಲಿ ಸತ್ತದ್ದು

ಶಿರಹಟ್ಟಿ, ನವೆಂಬರ್ ೧೨, ಬುಧವಾರ

ಇವತ್ತು ಮಧ್ಯಾಹ್ನ ನಾನು ಸತ್ತುಹೋದೆ. ಸುಳ್ಳು. ಸತ್ತದ್ದು ಐವತ್ತು ವರ್ಷದ ಹಿಂದೆ, ಡೋಣಿ ಹಳ್ಳಿಯಲ್ಲಿ, ಫ್ರೆಂಚ್ ಸಿನಿಮಾದವರಿಗಾಗಿ. ನಮ್ಮಲ್ಲಿ ಹೆಣವನ್ನು ಕೂಡಿಸಿಯೇ ಹೊರುತ್ತಾರೆ. ವಿಭೂತಿ ಬಳಿದು, ಹಾರ ಹಾಕಿ ನನ್ನನ್ನು ಕೂಡಿಸಿದ್ದರು. ಎದುರಿಗೆ ನಿಂತು ಅಳಬೇಕಾದವನು ಅವರ ಕಡೆಯ ಹುಡುಗ ಲೂಸಿಯನ್, ಅವನಿಗದು ಮೊದಲ ಪಾರ್ಟು. ನಾವು ಲೂಸಪ್ಪ ಅನ್ನುತ್ತಿದ್ದೆವು. ಅಳುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಗೇ ಅವನನ್ನು ವಾಪಸ್ ಕಳಿಸಿದರು.

ಈಗ ಅವನು ದೊಡ್ಡ ನಟನಂತೆ. ಮೊಮ್ಮಗಳು ಶಾಂಭವಿ ಮೊಬೈಲಿನಲ್ಲಿ ಅವನ ಸಂದರ್ಶನ ಓದಿ ಹೇಳಿದಳು.

"ಅಜ್ಜಾ, ಹೆಣಾನ ಕಣ್ಣು ಹೊಡೀತು ಅಂದ್ರ ಯಾರೂ ನಂಬಲಿಲ್ಲಂತ. ಹುಚ್ಚ ಅಂತ ಎಂಟು ವರ್ಷ ಪಾರ್ಟು ಕೊಡ್ಲಿಲ್ಲಂತ. ಈಗ ತನಗೂ ಖಾತ್ರಿ ಇಲ್ಲಂತ, ಖರೇನ ನೋಡಿದ್ನೋ ಇಲ್ಲೋ ಅಂತ."

"ಹೆಣ ಎಲ್ಲ್ಯಾರ ಕಣ್ಣು ಹೊಡೀತೈತೇನ? ಪಾಪ, ತಲಿ ಕೆಟ್ಟಿರಬೇಕು," ಅಂದಳು ನನ್ನ ಹೆಂಡತಿ ಕಸ್ತೂರೆವ್ವ.

ಎಂಟು ವರ್ಷ. ಅವತ್ತು ಡೈರೆಕ್ಟರು ಕೇಳಿದಾಗ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದ್ದೆ, ಕಣ್ಣು ಮುಚ್ಚಿಯೇ ಇತ್ತು ಅಂತ.

ಹೊಡೆದಿದ್ದೆ. ಎಡಗಣ್ಣು.