ನೀಲಿ ಪುಡಿಯ ಭೀಮೆ

ಮಣ್ಣೂರ
ಭಾನುವಾರ, 9 ಫೆಬ್ರುವರಿ 2025

ಫರಹೀನ ಬೇಟಾ,

ನಿನ್ನ ಅಮ್ಮಿಯ ಸಲಾಮು, ಎದೆ ತುಂಬ ದುವಾ.

ಮೊದಲು ಕೊಟ್ಟ ಮಾತುಗಳ ಸಂಗತಿ. ನಿನ್ನ ನಿಕಾಹದ ದಿನ ನಿನ್ನ ಮಾವ ಜಹೀರುದ್ದೀನ ಸಾಹೇಬರು ಎಲ್ಲರ ಮುಂದೆ ಹೇಳಿದರು: ಹುಡುಗಿಯನ್ನು ಮುಂದೆ ಓದಿಸುತ್ತೇವೆ. ಓದಿಸಲಿಲ್ಲ. ಹಬ್ಬಕ್ಕೆ ತವರಿಗೆ ಕಳಿಸುತ್ತೇವೆ ಎಂದರು. ಕಳಿಸಲಿಲ್ಲ. ಅಫಜಲಪುರದಲ್ಲಿ, ನಿನ್ನ ಗಂಡನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಮುದಾಯ ಕಾಲೇಜಿನಲ್ಲಿ ನಿನಗೆ ಸೀಟು ಸಿಕ್ಕಿತ್ತು. ನೈಸರ್ಗಿಕ ಸಂಪನ್ಮೂಲ ನಿರ್ವಹಣೆ. ಹೆಸರು ಉದ್ದ, ವಿಷಯ ಮಣ್ಣು, ನೀರು, ಗಿಡ. ಹೊಸ್ತಿಲು ದಾಟಿಸಲಿಲ್ಲ. ನಮ್ಮ ಊರಿಗೂ ಅವರದೊಂದು ಮಾತಿತ್ತು: ದನಕರು ಮೇಯುವ ಗಾಯರಾಣಕ್ಕೆ ಕೈ ಹಚ್ಚುವುದಿಲ್ಲ ಎಂದು. ಈಗ ಅಲ್ಲಿ ಅವರ ಕಬ್ಬು ನಿಂತಿದೆ.

ಸಿಟ್ಟು ಇಷ್ಟು ಸಾಕು. ಉಳಿದದ್ದನ್ನು ಮೆಲ್ಲಗೆ ಹೇಳುತ್ತೇನೆ.

ನಿನ್ನ ಸೀಟು ಖಾಲಿ ಬಿಡಲು ಮನಸ್ಸಾಗದೆ ನಾನೇ ಹೋಗಿ ಕೂತದ್ದು ನಿನಗೆ ಗೊತ್ತು. ಮೊದಲ ದಿನ ಮನೀಷಾ ಮೇಡಂ, ಮಗಳೆಲ್ಲಿ ಎಂದು ಕೇಳಿದರು. ನನಗಿಂತ ಸಣ್ಣವರು, ಆದರೂ ಪಾಠ ಹೇಳುವವರು. "ಆಕಿ ಬರೂತನಕ ಜಾಗಾ ಹಿಡದೇನ್ರಿ, ಬಸ್ಸಿನ್ಯಾಗ ಟವೆಲ್ ಹಾಕ್ತಾರಲ್ಲ, ಹಂಗ," ಎಂದೆ. ಇಡೀ ತರಗತಿ ನಕ್ಕಿತು. ಇವತ್ತಿಗೂ ಅಲ್ಲಿ ನನ್ನ ಹೆಸರು ಟವೆಲ್ ಚಾಚಿ.

ಓದಲು ಹೋದ ಮೇಲೆ ಬೀಳುವ ಕನಸುಗಳೇ ಬೇರೆ. ಗಾಯರಾಣದ ಮೇಲೆ ಮಳೆ ಬೀಳುತ್ತದೆ, ಹುಲ್ಲು ಅದನ್ನು ಹಿಡಿದು ನಿಲ್ಲಿಸುತ್ತದೆ, ಹೊಂಡ ತುಂಬುತ್ತದೆ. ಆಮೇಲೆ ನೀರು ಕೆಳಗಿಳಿದು ಕತ್ತಲಲ್ಲಿ ನಡೆಯತೊಡಗುತ್ತದೆ, ದಾರಿ ಗೊತ್ತಿದ್ದ ಮುದುಕಿಯ ಹಾಗೆ, ಅವಸರವಿಲ್ಲದೆ. ನಾನೂ ಅದರ ಜೊತೆ ನಡೆಯುತ್ತೇನೆ. ತಲೆಯ ಮೇಲೆ ಜಾಲಿಯ ಬೇರುಗಳು ಕೂದಲಿನ ಹಾಗೆ ಇಳಿಬಿದ್ದಿರುತ್ತವೆ. ಅದರ ಮೇಲೆ ಆಡುಗಳ ಗೊರಸಿನ ಸದ್ದು. ಕೊನೆಗೆ ನಮ್ಮ ಓಣಿಯ ಬಾವಿಯೊಳಗೆ ಕಣ್ಣು ತೆರೆಯುತ್ತೇನೆ, ಮೇಲೆ ದುಂಡನೆಯ ಆಕಾಶ, ಕೊಡ ಇಳಿಸುತ್ತ ನೀನು ಬಗ್ಗಿ ನೋಡುತ್ತಿರುತ್ತೀ. ಎದ್ದಾಗ ಬಾಯಲ್ಲಿ ಹಸಿಮಣ್ಣಿನ ರುಚಿ. ಆ ಹೊಂಡವನ್ನು ಮುಚ್ಚಿ ಕಬ್ಬು ಹಾಕಿದ ಮೇಲೆ ಬಾವಿಯೂ ಬೇಸಿಗೆಗೆ ಬತ್ತಿತಲ್ಲ. ಹೊಳೆಯಿಂದ ನೀರು ಹೊತ್ತು ನಿನ್ನ ಹೆಗಲು ಬಾತಿತ್ತಲ್ಲ. ಹೊಂಡ ಮುಚ್ಚಿದ್ದು, ಬಾವಿ ಬತ್ತಿದ್ದು ಎರಡೂ ಒಂದೇ ಸಂಗತಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ಹೋದ ಭಾನುವಾರ ನಮ್ಮೂರ ಶಾಲೆಯ ಅಂಗಳದಲ್ಲಿ ಊರಿನ ನಕಾಶೆ ಬರೆದೆವು. ಕೋರ್ಸಿನ ಪದ್ಧತಿಯೇ ಹಾಗೆ. ಕಾಗದಕ್ಕೆ ಮೊದಲು ನೆಲ, ಪೆನ್ನಿಗೆ ಮೊದಲು ರಂಗೋಲಿ ಪುಡಿ. ಊರ ಹೆಂಗಸರೇ ಬರೆಯಬೇಕು. ನಾನು ಹುಟ್ಟಿದಾಗಿನಿಂದ ರಂಗೋಲಿ ಮುಟ್ಟಿದವಳಲ್ಲ. ನೀಲಿ ಪುಡಿ ಹಿಡಿದು ಭೀಮೆಯನ್ನು ಬರೆಯಲು ಹೋದೆ. ನಮ್ಮ ಓಣಿಯ ಸಾಬಮ್ಮ ನೋಡಿ, "ಹೊಳಿ ಬರಿ ಅಂದ್ರ ಹಾವು ಬರದೀ ಅಲ್ಲ ಬೇ," ಅಂದಳು. ನಿಜವಾದ ಹೊಳೆಯೂ ಡೊಂಕೇ ಇದೆ, ಹೋಗಿ ನೋಡು ಎಂದೆ.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ನಕಾಶೆಯ ಆಚೆ ದಂಡೆಯಲ್ಲಿ ಗುಡಿಯ ಗುರುತು ಇಡಲು ಹೊರಟ ಅದೇ ಸಾಬಮ್ಮ ಆ ನೀಲಿ ಪುಡಿಯ ಹತ್ತಿರ ನಿಂತಳು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಸೀರೆಯನ್ನು ಮೀನಖಂಡದ ತನಕ ಎತ್ತಿ, ಮೆಲ್ಲಗೆ ಹೆಜ್ಜೆ ಇಟ್ಟು ದಾಟಿದಳು. ಯಾರೂ ನಗಲಿಲ್ಲ. ಅವಳ ಹಿಂದೆ ದಾಟಿದವರೆಲ್ಲ ಹಾಗೆಯೇ ದಾಟಿದರು, ನಾನೂ. ಖರೆ ಹೇಳುತ್ತೇನೆ, ಪಾದಕ್ಕೆ ತಂಪು ತಾಗಿತು.

ಹಸಿರು ಪುಡಿಯಲ್ಲಿ ಗಾಯರಾಣ ಬಂತು. ಜಾಲಿ ಬಂದವು, ದನದ ದಾರಿ ಬಂತು. ಕಬ್ಬು ಬರೆಯುವ ಕಡೆಗೆ ಬಂದಾಗ ಎಲ್ಲರ ಕೈ ನಿಂತವು. ಯಾರ ಕಬ್ಬು ಎಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಪುಡಿ ನನ್ನ ಮುಷ್ಟಿಯಲ್ಲಿತ್ತು. ಮೋರ್ಚಾಗಳಲ್ಲಿ ಘೋಷಣೆ ಕೂಗಿ ಗಂಟಲು ಹರಿದುಕೊಂಡ ಖಮರ ನಾನು. ನಿನ್ನ ಮುಖ ಕಣ್ಣೆದುರು ಬಂತು. ಮುಷ್ಟಿ ಬಿಚ್ಚಲಿಲ್ಲ.

ಆಗ ಗೋಡೆಯ ನೆರಳಲ್ಲಿ ಕೂತಿದ್ದ ಒಬ್ಬರು ಎದ್ದು ಬಂದರು. ಬುರ್ಖಾ, ಮುಖದ ಮೇಲೆ ನಕಾಬು. ಹೊಳೆಯನ್ನು ಚಪ್ಪಲಿ ಬಿಚ್ಚದೆ ದಾಟಿದವರು ಅವರೊಬ್ಬರೇ, ಅಷ್ಟು ಅವಸರದಲ್ಲಿದ್ದರು. ನನ್ನ ಮುಷ್ಟಿಯಿಂದ ಪುಡಿ ತೆಗೆದುಕೊಂಡು ಬಗ್ಗಿ ಗೆರೆ ಎಳೆದರು. ಗಾಯರಾಣ ಮೊದಲು ಎಲ್ಲಿಯ ತನಕ ಇತ್ತು, ಕಬ್ಬು ಎಲ್ಲಿಯ ತನಕ ಬಂದಿದೆ, ಮುಚ್ಚಿದ ಹೊಂಡ ಎಲ್ಲಿತ್ತು. ಗೆರೆ ಎಲ್ಲೂ ಡೊಂಕಾಗಲಿಲ್ಲ. ಆಮೇಲೆ ಕೈ ಕೊಡವಿ ಬಸ್ ಸ್ಟ್ಯಾಂಡಿನ ಕಡೆ ಹೋದರು. ನಡಿಗೆ ನೋಡಿಯೇ ಎಲ್ಲರಿಗೂ ಗುರುತು ಹತ್ತಿತ್ತು. ಯಾರೂ ಹೆಸರು ಹೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ನೆಲದ ಮೇಲಿದ್ದುದನ್ನು ದೊಡ್ಡ ಹಾಳೆಗೆ ಇಳಿಸಿಕೊಂಡೆವು. ಹೆಂಗಸರೆಲ್ಲ ಸಹಿ ಮಾಡಿದರು, ಹೆಬ್ಬೆಟ್ಟು ಒತ್ತಿದರು. ಅಂದು ನಾನು ಕಾಲು ತೊಳೆಯದೆ ಮಲಗಿದೆ. ಬೆಳಿಗ್ಗೆ ನೋಡಿದರೆ ಹಾಸಿಗೆಯ ಮೇಲೆ ಭೀಮೆ.

ಗುರುವಾರ ನಿನ್ನ ಫೋನು ಬಂತು. ದನಿಯಲ್ಲಿ ನೀನಿರಲಿಲ್ಲ. ಸ್ಪೀಕರ್ ಹಚ್ಚಿದ್ದು ನನಗೆ ತಿಳಿಯಿತು, ನಿನ್ನ ಹಿಂದೆ ಒಂದು ಗಂಡುಕೆಮ್ಮು ಕೇಳಿತು. "ಅಮ್ಮಿ, ಆ ಗೆರಿ ಅಳಸು. ಇಲ್ಲಂದ್ರ ನನ್ನ ಈ ಮನ್ಯಾಗ ಇಟಗೊಳ್ಳಂಗಿಲ್ಲ ಅನ್ನಾಕತ್ತಾರ," ಅಂದಿ. ಗೆರೆ ಎಳೆದವರು ಯಾರು ಎಂದು ನಿನ್ನ ಮಾವ ಫೋನು ಕಸಿದುಕೊಂಡು ಕೇಳಿದರು. ನಾನೇ ಎಂದೆ. ಅಂದಿನಿಂದ ನಿನ್ನ ಫೋನು ಬಂದ್. ಅದಕ್ಕೇ ಈ ಕಾಗದ.

ಗೆರೆ ಅಳಿಸುವುದಿಲ್ಲ ಬೇಟಾ. ನನ್ನ ಎದೆ ಕಲ್ಲಲ್ಲ. ಅವತ್ತಿನಿಂದ ರೊಟ್ಟಿ ಇಳಿಯುತ್ತಿಲ್ಲ. ಆದರೆ ಈ ಗೆರೆ ಅಳಿಸಿದರೆ ನಾಳೆ ಇನ್ನೊಂದು ಅಳಿಸು ಎನ್ನುತ್ತಾರೆ, ಪ್ರತಿ ಸಲವೂ ನಿನ್ನನ್ನೇ ಮುಂದೆ ನಿಲ್ಲಿಸಿ ಕೇಳಿಸುತ್ತಾರೆ. ಹೊರಗೆ ಹಾಕಿದರೆ ಬಾ. ಈ ಮನೆಯ ಬಾಗಿಲಿಗೆ ನಾನು ಎಂದೂ ಕೀಲಿ ಹಾಕಿಲ್ಲ. ಕಾಲೇಜಿನಲ್ಲಿ ಟವೆಲೂ ಇನ್ನೂ ಹಾಸಿಯೇ ಇದೆ, ಬಂದ ದಿನ ಎತ್ತಿಕೊಳ್ಳುತ್ತೇನೆ.

ಆದರೆ ಹಾಕಲಿ ಎಂದು ಕಾಯುತ್ತ ಕೂಡಬೇಡ. ಗ್ರಾಮಸಭೆಯಲ್ಲಿ ಆ ನಕಾಶೆಯನ್ನು ಎತ್ತಿ ಹಿಡಿದು ತೋರಿಸಬೇಕು. ಹಾಳೆ ಬಾಗಿಲಿನಷ್ಟು ಅಗಲ. ಮಾತಾಡುವವಳು ನಾನು, ಕೈ ಬೀಸದೆ ನನಗೆ ಮಾತು ಬರುವುದಿಲ್ಲ. ಹಿಡಿಯಲು ಬೇರೆ ಇಬ್ಬರು ಬೇಕು. ಒಂದು ತುದಿ ಹಿಡಿಯಲು ಒಬ್ಬರು ಒಪ್ಪಿದ್ದಾರೆ. ಇನ್ನೊಂದು ತುದಿ ನಿನ್ನದು. ನೀನು ಬಾಯಿ ಬಿಡುವುದು ಬೇಡ, ಹಿಡಿದು ನಿಂತರೆ ಸಾಕು.

ಪಂಚಾಯಿತಿ ಮುಂದಿನ ಬೇವಿನ ಗಿಡದ ಕೆಳಗೆ. ಬುಧವಾರ, ಫೆಬ್ರುವರಿ ಹನ್ನೆರಡು, ಬೆಳಿಗ್ಗೆ ಹನ್ನೊಂದು ಗಂಟೆಗೆ.

ನಿನ್ನ ದಾರಿ ನೋಡುವ ಅಮ್ಮಿ,
ಖಮರ

ತಾ.ಕ.: ಬರೆಯುವುದಿಲ್ಲ ಎಂದಿದ್ದೆ, ತಡೆಯಲಾಗಲಿಲ್ಲ. ಈ ಕಾಗದ ನಿನ್ನ ಕೈಗೆ ಇಟ್ಟವರ ಚಪ್ಪಲಿ ನೋಡು. ಅಂಚಿಗೆ ನೀಲಿ ಇನ್ನೂ ಹತ್ತಿದೆ. ಹೌದು, ನಿನ್ನ ಅತ್ತೆ, ಕುಲಸುಮಬಿ. ಮಣ್ಣೂರ ಅವರ ತವರು. ಹುಡುಗಿಯಾಗಿದ್ದಾಗ ಆ ಹೊಂಡದಲ್ಲೇ ಆಡುಗಳಿಗೆ ನೀರು ಕುಡಿಸಿದವರು. ಇವತ್ತು ತವರಿಗೆಂದು ಬಂದು ನಮ್ಮ ಮನೆಗೂ ಬಂದರು. ನೀರು ಕುಡಿದು, ಸಂಜೆ ಬಸ್ಸಿಗೆ ಹೋಗುವ ಮುಂಚೆ ಕಾಗದ ಒಯ್ಯುತ್ತೇನೆ ಎಂದರು, ಏಳುವಾಗ ಹೇಳಿದರು: "ಗೆರಿ ನಾ ಎಳದೇನಿ, ಬೈಗಳ ನೀ ತಿನ್ನಾಕತ್ತಿ ಖಮರ. ಬುಧವಾರ ಒಂದು ತುದಿ ನಾ ಹಿಡಿತೇನಿ. ಸೊಸಿಗೆ ಬರಿ, ನಾ ಮುಂದ ಹೋಗಿರ್ತೇನಿ. ಒಂಬತ್ತೂವರಿ ಬಸ್ಸಿನ್ಯಾಗ ಆಕಿಗೆ ಜಾಗಾ ಹಿಡದಿರ್ತೇನಿ."