ಗ್ಲೋವಾ ನಡುಹೊಳೆಯಲ್ಲಿ ತಿರುಗಿದ್ದು

ಸ್ಕಾಗಾಫ್ಯೋರ್ದುರ್, ಐಸ್‌ಲ್ಯಾಂಡ್
ಆಗಸ್ಟ್ ೧೯, ಬುಧವಾರ

ಪ್ರೀತಿಯ ಉನ್ನೂರಕ್ಕಾ,

ಹಾಗೂ ನಿನ್ನ ವಾರ್ಡಿನ ಮಾನ್ಯ ಸಭಿಕರೇ, ಸೊಂಟ ಮುರಿದ ಮಹನೀಯರೇ, ಹೊಲಿಗೆ ಬಿದ್ದ ಮಹಿಳೆಯರೇ! ನನ್ನ ಕಾಗದಗಳನ್ನು ಅಕ್ಕ ನಿಮಗೆಲ್ಲ ಗಟ್ಟಿಯಾಗಿ ಓದುತ್ತಾಳೆಂದು ಬಲ್ಲೆ. ಆದ್ದರಿಂದ ಒಂದು ಕುದುರೆಯ ಮೇಲಿನ ದೂರನ್ನು ತಮ್ಮ ಘನ ಸನ್ನಿಧಿಯಲ್ಲಿ ಇಡುತ್ತಿದ್ದೇನೆ. ತೀರ್ಪು ಸೋಮವಾರದೊಳಗೆ ಬೇಕು.

ಮೊದಲು ನಿನ್ನ ಸೊಂಟ ಹೇಗಿದೆ ಹೇಳು. ಊರುಗೋಲು ಹಿಡಿದು ನಡೆಯುತ್ತಿದ್ದೀಯಂತೆ, ನರ್ಸಮ್ಮನ ಮೇಲೆ ರೇಗುತ್ತಿದ್ದೀಯಂತೆ. ಎರಡನೆಯದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು.

ನೀನಿಲ್ಲದೆ ನಾನು ಮುಂದಾಳಾಗಿ ಹೊರಟ ಮೊದಲ ಸವಾರಿ ಪ್ರವಾಸ. ಹನ್ನೊಂದು ಅತಿಥಿಗಳು, ಸವಾರರಿಲ್ಲದೆ ಮುಂದೆ ಓಡಲು ನಲವತ್ತು ಬಿಡಿ ಕುದುರೆಗಳು, ಅವಕ್ಕೆಲ್ಲ ದಾರಿ ತೋರಲು ನಿನ್ನ ಹೆಣ್ಣುಕುದುರೆ ಗ್ಲೋವಾ. ಮೂರನೆಯ ಮಧ್ಯಾಹ್ನ ಹೊಳೆಗೆ ಬಂದೆವು. ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಉಬ್ಬಿತ್ತು, ಬೂದಿ ಕಲಸಿದ ಬಣ್ಣ, ತಳ ಕಾಣದು. ಆಚೆ ಗುಡಿಸಲಲ್ಲಿ ಕುರಿಮಾಂಸದ ಸಾರು ಕಾಯುತ್ತಿತ್ತು. ವಾಡಿಕೆಯಂತೆ ಬಿಡಿ ಮಂದೆ ಮೊದಲು ಇಳಿಯಿತು, ಅತಿಥಿಗಳು ಅದರ ಬೆನ್ನಿಗೆ. ಜೊತೆಗೆ ಬಂದಿದ್ದ ನೆರೆಮನೆಯ ರಾಗ್ನಾ, "ನೀರು ನೋಡ್ಬೇಡ್ರೀ, ಆಚೆ ದಡ ನೋಡ್ರೀ, ಜೂಲು ಹಿಡ್ಕೊಳ್ರೀ!" ಎಂದು ಕೂಗುತ್ತಲೇ ಇದ್ದಳು. ನಡುಹೊಳೆಯಲ್ಲಿ ಗ್ಲೋವಾ ಗಕ್ಕನೆ ತಿರುಗಿತು. ನಲವತ್ತೂ ತಿರುಗಿದವು, ನೇರ ಸವಾರರ ಮೇಲೆ. ಜರ್ಮನಿಯ ಟೀಚರಮ್ಮ ಆನೆಗ್ರೆಟ್ ಜೀನಿನಿಂದ ಜಾರಿದರು. ಕೆಂಪು ಹೆಲ್ಮೆಟ್ಟು ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ರಾಗ್ನಾ ಹೊಳೆಯ ಕೆಳಗಡೆ ತನ್ನ ಕುದುರೆಯನ್ನು ಅಡ್ಡ ಹಾಕಿ ಅವರ ಕೋಟಿನ ಕಾಲರು ಹಿಡಿದಳು. ದಡದಲ್ಲಿ ಮಲಗಿಸಿದಾಗ ತುಟಿ ನೀಲಿಯಾಗಿತ್ತು, ಉಸಿರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಕೆಮ್ಮಿ, "ನನ್ ಕನ್ನಡಕ ಎಲ್ಲಿ?" ಅಂದರು. ಯಾರೂ ನಗಲಿಲ್ಲ.

ಹೊಳೆಗೆ ಅಂಜುವ ಕುದುರೆ, ಮಳೆಗೆ ಅಂಜುವ ಕೊಡೆ, ಇದ್ದರೇನು ಫಲ? ನಡುನೀರಲ್ಲಿ ತಿರುಗಿದ್ದನ್ನು ಮತ್ತೆ ಮಂದೆಗೆ ಸೇರಿಸುವಂತಿಲ್ಲ ಎಂದು ಪ್ರವಾಸ ನಡೆಸುವ ನಮ್ಮ ಯಜಮಾನರೂ ಅಂದರು. ಕಸಾಯಿಖಾನೆಯ ಲಾರಿ ಸೋಮವಾರ ಬರುತ್ತದೆ. ಗ್ಲೋವಾ ನಿನ್ನ ಹೆಸರಲ್ಲಿದೆ, ಒಪ್ಪಿಗೆ ಪತ್ರ ಇದರೊಳಗಿದೆ, ಗುರುತು ಹಾಕಿದ ಕಡೆ ಸಹಿ ಮಾಡು. ಬಾಟಲಿ ಹಾಲು ಕುಡಿಸಿ ಸಾಕಿದವಳು ನೀನು, ಕಷ್ಟವೆಂದು ಗೊತ್ತು.

ಬೇಗ ಎದ್ದು ಬಾ. ವಾರ್ಡಿನ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಕಾಫಿ.

ನಿನ್ನ ತಮ್ಮ,
ಸ್ಟೀನಾರ್

ಮತ್ತೊಂದು ಮಾತು, ನಿನಗೊಬ್ಬಳಿಗೆ. ಅಂಚೆ ವ್ಯಾನು ಅಂಗಳದಲ್ಲಿ ನಿಂತಿದೆ, ಮೇಲಿನದನ್ನು ತಿದ್ದಲು ಹೊತ್ತಿಲ್ಲ. ಗ್ಲೋವಾ ಇಳಿಯಲು ಒಪ್ಪಿರಲಿಲ್ಲ ಅಕ್ಕಾ. ನೀರು ಮೂಸಿ ಮೂರು ಸಲ ಮೇಲ್ಗಡೆ, ಹೊಳೆ ಅಗಲವಾಗಿ ಆಳ ಕಡಿಮೆಯಾಗುವ ಕಡೆಗೆ ಹೊರಟಿತು. ಅಲ್ಲಿಗೆ ಒಂದು ತಾಸಿನ ದಾರಿ. "ಏನ್ ದೊರೆ, ಕುದುರೆ ನಿನ್ ಮಾತು ಕೇಳುತ್ತೋ, ನೀನೇ ಅದರ ಮಾತು ಕೇಳ್ತೀಯೋ?" ಅಂದಳು ರಾಗ್ನಾ. ಅತಿಥಿಗಳು ನಕ್ಕರು. ನಾನು ಚಾವಟಿಯಲ್ಲಿ ಬಾರಿಸಿ ಇಳಿಸಿದೆ. ನಡುವೆ ಅದರ ಕಾಲಿಗೆ ತಳವೇ ಸಿಕ್ಕಲಿಲ್ಲ. ಅದು ತಿರುಗದಿದ್ದರೆ ಹನ್ನೊಂದು ಜನರೂ ಕೊಚ್ಚಿ ಹೋಗುತ್ತಿದ್ದರು. ರಾಗ್ನಾ ಯಾರಿಗೂ ಹೇಳಿಲ್ಲ, ನನ್ನೊಡನೆ ಮಾತೂ ಆಡುತ್ತಿಲ್ಲ. ಸಹಿ ಮಾಡಬೇಡ. ಯಜಮಾನರಿಗೆ ಹೇಳಲು ಎರಡು ಸಲ ಹೋಗಿ ಹವೆಯ ಮಾತಾಡಿ ಬಂದೆ. ಸೋಮವಾರದೊಳಗೆ ನನಗೆ ಬಾಯಿ ಬರದಿದ್ದರೆ ನೀನೇ ಫೋನು ಮಾಡಿ ಹೇಳು, ಹೊಡೆದು ಇಳಿಸಿದವನು ಸ್ಟೀನಾರ್ ಎಂದು.